ಖರಾಬ ಬಿಟ್ಟು

"ಹೆಸರ ಕಾವೇರಿ, ಬಾಯಾಗ ಹನಿ ಮಾತಿಲ್ಲ" ಎಂದು ಚಂದ್ರಶಾ ಸಾವಕಾರರು ದಿನಕ್ಕೊಮ್ಮೆಯಾದರೂ ಅನ್ನದೆ ಬಿಡುತ್ತಿರಲಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ರಸ್ತೆಯಲ್ಲಿ ಅವರ ಕಟ್ಟಿಗೆ ಅಡ್ಡಾ ಇತ್ತು. ಮುಂದೆ ತಗಡಿನ ಶೆಡ್ಡು, ಒಳಗೆ ಹಲಗೆ ಸೀಳುವ ಮಷೀನು, ಪಕ್ಕದಲ್ಲಿ ಗಾಜಿನ ಕಿಟಕಿಯ ಪುಟ್ಟ ಆಫೀಸು. ಬಿ.ಎ. ಮುಗಿಸಿದ ಮೇಲೆ ಕಾವೇರಿ ಬಂದು ಕೂತದ್ದು ಆ ಆಫೀಸಿನಲ್ಲಿ. ಬಂದ ದಿಮ್ಮಿಗಳ ಅಳತೆ ಬರೆಯುವುದು, ಹೋದ ಹಲಗೆಗಳ ಬಿಲ್ಲು ಮಾಡುವುದು, ಗಿರಾಕಿಗಳ ಫೋನು ಎತ್ತುವುದು ಅವಳ ಕೆಲಸ. ಎದುರಿಗೆ ಯಾರಾದರೂ ದನಿ ಏರಿಸಿದರೆ ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಅವರು ಸುಮ್ಮನಾಗುವುದನ್ನೇ ಕಾಯುತ್ತಿದ್ದಳು. ಅವಳ ಓಣಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ದುಡಿಯುವ ಮೊದಲ ಹುಡುಗಿ ಅವಳೇ. ಕಮಲಾಪುರದ ಭೀಮನಗರದಲ್ಲಿ ಅವಳ ಅವ್ವ ಗುಂಡಮ್ಮ ಆ ಫ್ಯಾನಿನ ಸುದ್ದಿ ಮುಟ್ಟಿಸದ ಮನೆ ಇರಲಿಲ್ಲ. ಕಾವೇರಿಗೂ ಕೆಲಸ ಮನಸ್ಸಿಗೆ ಹಿಡಿಸಿತ್ತು. ಹಸಿ ಮರದ ಹೊಟ್ಟಿನ ವಾಸನೆ ಹಿಡಿಸಿತ್ತು. ಕುಸನೂರಿನ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಬಸ್ಸು ಹತ್ತುವಾಗ, ನಾನು ಯಾರ ಮುಂದೆಯೂ ಕೈ ಚಾಚದೆ ಬದುಕುತ್ತಿದ್ದೇನೆ ಎಂಬುದನ್ನು ಅವಳು ಒಳಗೊಳಗೇ ಬೆಲ್ಲದ ಹಾಗೆ ಚೀಪುತ್ತಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಒಂದು ಬೆಳಿಗ್ಗೆ ಸಾವಕಾರರು ಚಹಾದ ಕಪ್ಪನ್ನು ಅವಳ ಮೇಜಿನ ಮೇಲೆ ಕುಕ್ಕಿದರು.

"ನಿಮ್ಮ ಓಣಿ ಹೆಣ್ಮಕ್ಕಳಿಗಿ ಹುಚ್ಚ ಹಿಡದದೇನು, ಕಾವೇರಿ?"

ಅವಳು ತಲೆ ಎತ್ತಿದಳು.

"ಕಮಲಾಪುರದಾಗ ಮಾಣಿಕಪ್ಪನ ನೀಲಗಿರಿ ತೋಪು ತಗೊಂಡೀವಲ್ಲ, ಅಲ್ಲಿ ನಮ್ಮ ಟ್ರ್ಯಾಕ್ಟರ್ ಮುಂದ ಕುಂತಾರ. ಕೊಡ ಸಾಲಾಗಿ ಇಟ್ಟು ಕುಂತಾರಂತ! ಭೀಮನಗರದವರು ಅಂತ ಗುಫ್ರಾನ್ ಹೇಳಿದ. ಎಲ್ಲಾರಕಿಂತ ಮುಂದ ಕುಂತಾಕಿ ಯಾರಂತ ಗೊತ್ತದೇನು?"

ಮುಂದೆ ಕೂಡುವವಳು ಆ ಓಣಿಯಲ್ಲಿ ಒಬ್ಬಳೇ. ಕಾವೇರಿ ಮೆಲ್ಲಗೆ ಹೇಳಿದಳು: "ನಮ್ಮವ್ವ ಇರಬೇಕ್ರಿ."

ಸಾವಕಾರರಿಗೆ ಸಿಟ್ಟಿನ ನಡುವೆಯೂ ನಗೆ ಬಂತು. "ಆಕಿಗಿ ಆ ಬಾಯಿ, ನಿನಗ ಈ ಬಾಯಿ. ದೇವರು ಹಂಚೋದ್ರಾಗ ಎಲ್ಲೋ ಲೆಕ್ಕ ತಪ್ಪ್ಯಾನ." ಆಮೇಲೆ ದನಿ ಇಳಿಸಿದರು. "ನೋಡವಾ, ಪೊಲೀಸ್ ಗಿಲೀಸ್ ನನಗ ಬ್ಯಾಡ. ನಾ ಯಾರ ಹೊಟ್ಟಿ ಮ್ಯಾಲೂ ಹೊಡದಾವ ಅಲ್ಲ. ಗುಫ್ರಾನ್ ಗರಗಸದ ಚೈನ್ ಒಯ್ಯಾಕ ಬಂದಾನ. ಅವನ ಗಾಡಿಯಾಗ ನೀ ಹೋಗು. ನಿಮ್ಮವ್ವಗ ತಿಳಿಸಿ ಹೇಳಿ ಎಬ್ಬಸು. ನೀ ಅಡ್ಡಾದಾಕಿ ಅಂತ ಗೊತ್ತಾದ್ರ ಅವರೇ ಎದ್ದು ಹೋಗ್ತಾರ."

ಅವ್ವನಿಗೆ ತಿಳಿಸಿ ಹೇಳುವುದೆಂದರೆ ಏನೆಂದು ಸಾವಕಾರರಿಗೆ ಗೊತ್ತಿರಲಿಲ್ಲ. ಕಾವೇರಿ ಬ್ಯಾಗು ಎತ್ತಿಕೊಂಡಳು.

ಗುಫ್ರಾನ್ ಮರ ಕಡಿಯುವ ಗ್ಯಾಂಗಿನ ಮುಖ್ಯಸ್ಥ. ನಡುವಯಸ್ಸಿನ, ಕೆಂಪು ಮೆಹಂದಿಯ ಗಡ್ಡದ ಮನುಷ್ಯ. ಮಷೀನು ಗರಗಸವನ್ನು ಕೂಸಿನ ಹಾಗೆ ಪಕ್ಕದ ಸೀಟಿನಲ್ಲಿ ಮಲಗಿಸಿ, ಕಾವೇರಿಯನ್ನು ಕಿಟಕಿಯ ಕಡೆ ಕೂಡಿಸಿ ಗಾಡಿ ಬಿಟ್ಟ. ತಾಜಸುಲ್ತಾನಪುರದ ಕಡೆಯ ಹೊಲಗಳಲ್ಲಿ ಕಡಲೆ ಕಿತ್ತ ಬಯಲು ಬೂದು ಬಣ್ಣಕ್ಕೆ ತಿರುಗಿತ್ತು. ಹುಮನಾಬಾದ ರಸ್ತೆ ಹಿಡಿದ ಮೇಲೆ ಅವನು ಬಾಯಿ ಬಿಟ್ಟ.

"ನಾ ಏನ್ ಗಲತ್ ಮಾಡೀನಿ ನೀವೇ ಹೇಳ್ರಿ ಬೆಹೆನ್. ಸಾವಕಾರ್ ಹೇಳಿದ್ದಕ್ಕ ಒಂದ್ ಇಂಚ್ ಹೆಚ್ಚಿಗಿ ಮಾಡಿಲ್ಲ. ಖರಾಬ್ ಕೋ ಹಾಥ್ ನಹೀ ಲಗಾಯಾ. ಖರಾಬ ಮುಟ್ಟೇ ಇಲ್ಲ ನಾ!"

"ಮುಟ್ಟಿಲ್ಲೇನು?"

"ಅಲ್ಲಾಕಸಂ ಮುಟ್ಟಿಲ್ಲ. ಬೇಕಾದ್ರ ಬಂದು ನೋಡ್ರಿ. ಎಲ್ಲಾ ಹಂಗೇ ನಿಂತಾವ."

ಕಾವೇರಿಯ ಎದೆ ಹಗುರಾಯಿತು. ಖರಾಬ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಹೊಲ ಮಾರುವ ಕೊಳ್ಳುವ ಮಾತು ನಡೆದಲ್ಲೆಲ್ಲ ಆ ಸೀಮೆಯ ಜನ ಆ ಶಬ್ದ ಆಡುತ್ತಾರೆ. ಉಳಲು ಬಾರದ, ಕಂದಾಯ ಹಾಕದ ಜಾಗ ಅದು. ಹಳ್ಳ, ಹಳ್ಳದ ದಂಡೆ, ನೀರು ನಿಲ್ಲುವ ಜವಳು, ಬಂಡಿದಾರಿ. ಯಾರದೋ ಹೊಲದ ನಡುವೆಯೇ ಹಾದುಹೋದರೂ ಅದು ಹೊಲದವನದಲ್ಲ, ಊರಿನದು. ಸರಕಾರ ಅದಕ್ಕೆ ಇಟ್ಟ ಹೆಸರು ಖರಾಬ. ಮಾಣಿಕಪ್ಪ ತೋಪು ಮಾರಲು ಅಡ್ಡಾಕ್ಕೆ ಬಂದ ದಿನ ಅವಳು ಎದುರಿಗೇ ಇದ್ದಳು. "ಖರಾಬ ಬಿಟ್ಟು ಉಳಿದ ಗಿಡ ಎಲ್ಲಾ ನಿಮ್ಮವು ಸಾವಕಾರ್ರೆ" ಎಂದು ಆತ ಎರಡು ಸಲ ಹೇಳಿದ್ದ. ಹಳ್ಳದ ದಂಡೆ ಮುಟ್ಟಬಾರದೆಂಬ ಮಾತು ಅಲ್ಲಿಗೇ ಮುಗಿದಿತ್ತು. ಖರಾಬ ಹಾಗೇ ಉಳಿದಿದ್ದರೆ ಅವ್ವನ ತಕರಾರು ಏನಿರಬಹುದು? ಟ್ರ್ಯಾಕ್ಟರಿನ ಧೂಳೋ, ಸದ್ದೋ, ಯಾರೋ ಏನೋ ಅಂದದ್ದೋ ಇರಬೇಕು. ಅವ್ವನಿಗೆ ಜಗಳಕ್ಕೆ ಕಾರಣ ಬೇಕೆಂದೇನೂ ಇಲ್ಲ.

ಕಮಲಾಪುರದ ರಸ್ತೆ ಬದಿಯಲ್ಲಿ ಕೆಂಪು ಬಾಳೆಗೊನೆಗಳನ್ನು ತೂಗುಹಾಕಿದ್ದರು. ಊರು ದಾಟಿ ಕೆಂಪು ಮಣ್ಣಿನ ದಾರಿಗೆ ಇಳಿದಾಗ ಗಾಡಿ ಕುಲುಕಿತು. ನೀಲಗಿರಿಯ ಕಹಿ ಸುವಾಸನೆ ಮೂಗಿಗೆ ಬಡಿಯಿತು. ಹಳ್ಳದ ಎರಡೂ ಕಡೆ ಹಬ್ಬಿದ್ದ ತೋಪಿನ ಇಳಿಜಾರಿನಲ್ಲಿ ಕಡಿದ ಬುಡಗಳು ಬೆಳ್ಳಗೆ ಕಾಣುತ್ತಿದ್ದವು. ಅದರಲ್ಲಿ ಅವಳಿಗೆ ದುಃಖವೇನೂ ಆಗಲಿಲ್ಲ. ನೀಲಗಿರಿ ಹಚ್ಚುವುದೇ ಕಡಿಯುವುದಕ್ಕೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅವಳ ಕಣ್ಣು ಅದನ್ನು ದಾಟಿ ಕೆಳಗೆ, ಹಳ್ಳದ ಕಡೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

ಹಳ್ಳದ ದಂಡೆ ಬೋಳಾಗಿತ್ತು.

ಅಲ್ಲಿ ನೀರಲ, ಅಂದರೆ ನೇರಳೆ ಹಣ್ಣಿನ ಗಿಡಗಳಿದ್ದವು. ಬೇವು, ಹೊಂಗೆ ಇದ್ದವು. ಅವುಗಳ ನೆರಳಲ್ಲಿ ಹಗಲು ಹೊತ್ತಿನಲ್ಲೂ ನೀರು ಕಪ್ಪಗೆ ಕಾಣುತ್ತಿತ್ತು, ನೀರುಕೋಳಿಗಳು ಜೇಕಿನ ಹುಲ್ಲಿನಲ್ಲಿ ಕುಣಿಯುತ್ತ ಓಡುತ್ತಿದ್ದವು. ಈಗ ಒಂದೊಂದು ಕಡೆ ಸೊಟ್ಟ ಗಿಡ, ಟೊಳ್ಳು ಗಿಡ ಮಾತ್ರ ಉಳಿದಿತ್ತು, ಹಲ್ಲು ಬಿದ್ದ ಬಾಯಿಯ ಹಾಗೆ. ಕಡಿದ ಗಿಡಗಳ ಟೊಂಗೆಗಳು ಹಳ್ಳಕ್ಕೇ ಬಿದ್ದು ನೀರು ಕಟ್ಟಿಕೊಂಡಿತ್ತು. ಹಳ್ಳಕ್ಕೂ ತೋಪಿಗೂ ನಡುವಿನ ಜವಳಿನಲ್ಲಿ, ಕಾಲಿಟ್ಟರೆ ಮೆತ್ತಗೆ ಕುಸಿಯುವ ಆ ಹಸಿ ಹುಲ್ಲುಗಾವಲಿನಲ್ಲಿ, ಆ ಕಡೆಯ ಮಾಲು ತರಲು ಓಡಾಡಿದ ಟ್ರ್ಯಾಕ್ಟರಿನ ಗಾಲಿಗಳು ಮೊಣಕಾಲುದ್ದದ ಎರಡು ಕಾಲುವೆ ತೋಡಿದ್ದವು. ಅವುಗಳೊಳಗೆ ಜವಳಿನ ನೀರೆಲ್ಲ ಜುಳುಜುಳು ಹರಿದು ಹಳ್ಳಕ್ಕೆ ಓಡುತ್ತಿತ್ತು, ಕುಂಕುಮ ಕಲಸಿದ ಹಾಗೆ ಕೆಂಪಗೆ.

ಟ್ರ್ಯಾಕ್ಟರ್ ಜವಳಿನ ಅಂಚಿನಲ್ಲಿ ನಿಂತಿತ್ತು. ಅದರ ಮುಂದೆ ಕೊಡಗಳು. ಕೊಡಗಳ ಹಿಂದೆ ಹೆಂಗಸರು. ಎಲ್ಲರಿಗಿಂತ ಮುಂದೆ ಗುಂಡಮ್ಮ, ಸೆರಗನ್ನು ನಡುವಿಗೆ ಬಿಗಿದು, ಕಾಲು ಚಾಚಿ, ತನ್ನ ಮನೆಯ ಕಟ್ಟೆಯ ಮೇಲೆ ಕೂತವಳಂತೆ ಕೂತಿದ್ದಳು.

"ನೋಡ್ರೇ, ಸಾವಕಾರನ ವಕೀಲಬಾಯಿ ಬಂದಳು!" ಎಂದು ಪಕ್ಕದ ಮನೆಯ ರಮಾಬಾಯಿ ಕೂಗಿದಳು. ನಗೆ ಎದ್ದಿತು.

ಗುಂಡಮ್ಮ ನಗಲಿಲ್ಲ. "ಯಾಕ ಬಂದೀಬೇ? ನಮ್ಮನ್ನ ಎಬ್ಬಸಾಕ ಕಳಿಸ್ಯಾರೇನು?"

ಕಾವೇರಿ ಸುಳ್ಳು ಹೇಳಲಿಲ್ಲ. "ಹೂಂ."

"ಎಬ್ಬಸು ಮತ್ತ. ಮೊದಲ ವರ್ತಿ ನೋಡಿ ಬಾ. ಆಮ್ಯಾಲೆ ನನ್ನ ರಟ್ಟಿ ಹಿಡದು ಎಬ್ಬಸು. ಫ್ಯಾನಿನ ಕೆಳಗ ಕುಂತು ಕೈ ಗಟ್ಟಿ ಆಗ್ಯಾವೋ ಇಲ್ಲೋ ನೋಡೇಬಿಡೂಣು."

ವರ್ತಿ ಹಳ್ಳದ ಪಕ್ಕದ ಉಸುಕಿನಲ್ಲಿ ತೋಡಿದ ಕುಣಿ. ಜವಳು ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತಿತ್ತು. ಅದು ಉಸುಕಿನಲ್ಲಿ ಸೋಸಿ ಈ ಕುಣಿಗೆ ಬರುತ್ತಿತ್ತು. ಊರ ಬಾವಿಯ ಹತ್ತಿರಕ್ಕೂ ಸೇರಿಸದ ಕಾಲದಲ್ಲಿ ಭೀಮನಗರದ ಹಿರಿಯರು ಹುಡುಕಿಕೊಂಡ ನೀರು ಅದು. ಈಗ ಓಣಿಗೆ ನಳ ಬಂದಿವೆ. ಆದರೆ ಬಿಸಿಲು ಏರಿದರೆ ನಳ ಉಸಿರಷ್ಟೇ ಬಿಡುತ್ತವೆ. ವರ್ತಿ ಒಮ್ಮೆಯೂ ಹಾಗೆ ಮಾಡಿದ್ದನ್ನು ಕಾವೇರಿ ಕಂಡಿರಲಿಲ್ಲ. ಚಿಕ್ಕವಳಿದ್ದಾಗ ಅವಳು ಅದರಲ್ಲಿ ಮುಖ ನೋಡಿಕೊಂಡು ತನ್ನಷ್ಟಕ್ಕೇ ಮಾತಾಡುತ್ತಿದ್ದಳು. ಮನುಷ್ಯರ ಎದುರು ಬಾರದ ಮಾತುಗಳು ಅಲ್ಲಿ ಸಲೀಸಾಗಿ ಬರುತ್ತಿದ್ದವು.

ಅವಳು ಬಗ್ಗಿ ನೋಡಿದಳು. ಮುಖ ಕಾಣಲಿಲ್ಲ. ಕುಣಿಯ ಬಾಯಿವರೆಗೆ ಕೆಂಪು ರಾಡಿ ತುಂಬಿತ್ತು. ಕೈ ಹಾಕಿದಳು, ತಳದ ಉಸುಕು ಸಿಗಲಿಲ್ಲ, ಬೆರಳಿಗೆ ಅಂಟಂಟು ಕೆಸರು ಸಿಕ್ಕಿತು.

ಎದ್ದು ನಿಂತಾಗ ಅವಳ ಕಿವಿ ಬಿಸಿಯಾಗಿತ್ತು. ಗುಫ್ರಾನ್ ಇದ್ದಲ್ಲಿಗೆ ನೇರವಾಗಿ ನಡೆದಳು.

"ಗುಫ್ರಾನ್ ಭಾಯಿ, ಖರಾಬ ಮುಟ್ಟಿಲ್ಲ ಅಂದ್ರಿ?"

"ಮುಟ್ಟಿಲ್ಲ."

"ಹಂಗಾದ್ರ ಇದೇನು?"

"ಯಾವುದು?"

"ಈ ದಂಡಿ! ಈ ಗಿಡ!"

ಗುಫ್ರಾನನ ಮುಖದಲ್ಲಿ ನಿಜವಾದ ಅಚ್ಚರಿ ಇತ್ತು. "ಇವು ಖರಾಬ್ ಎಲ್ಲಿ ಅವಾ ಬೆಹೆನ್? ಇವು ಏಕ್ ನಂಬರ್ ಮಾಲು!" ಅವನು ಅವಳನ್ನು ಕರೆದುಕೊಂಡು ಹೋಗಿ ಉಳಿದಿದ್ದ ಒಂದು ನೀರಲ ಗಿಡಕ್ಕೆ ಕೊಡಲಿಯ ಹಿಂಭಾಗದಿಂದ ಟಕ್ ಎಂದು ಬಡಿದ. ಡೊಳ್ಳಿನಂಥ ಸದ್ದು ಬಂತು. "ಕೇಳಿದ್ರಿಲ್ಲೋ? ಒಳಗ ಟೊಳ್ಳು. ಖರಾಬ್. ಬಿಟ್ಟೀನಿ. ಆ ಹೊಂಗಿ ನೋಡ್ರಿ, ಸೊಟ್ಟ. ಖರಾಬ್. ಬಿಟ್ಟೀನಿ. ಒಂದೊಂದು ಗಿಡಾ ಬಡದು, ಕಿವಿ ಹಚ್ಚಿ ಕೇಳಿ, ಆಮ್ಯಾಲೆ ಕಡದೀನಿ. ಸಾವಕಾರ್ ಫೋನಿನಾಗ ಸಾಫ್ ಹೇಳಿದ್ರು: ಖರಾಬ್ ಛೋಡ್ಕೆ ಬಾಕಿ ಸಬ್ ಕಾಟೋ. ಖರಾಬ್ ಬಿಟ್ಟು ಬಾಕಿ ಎಲ್ಲಾ ಕಡಿ ಅಂತ."

ರಮಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಅದು ಒಬ್ಬರಿಂದೊಬ್ಬರಿಗೆ ಹತ್ತಿತು. ಹಳ್ಳದ ಖರಾಬದೊಳಗೆ ನಿಂತುಕೊಂಡು, ಕೆಟ್ಟ ಗಿಡಗಳನ್ನೆಲ್ಲ ಜೋಪಾನವಾಗಿ ಉಳಿಸಿ, ಒಳ್ಳೆಯವನ್ನೆಲ್ಲ ನೆಲಕ್ಕೆ ಕೆಡವಿದ್ದ ಆ ಮನುಷ್ಯ! ಮಾಣಿಕಪ್ಪ ಕನ್ನಡದಲ್ಲಿ ಅಂದ ಮಾತನ್ನು ಸಾವಕಾರರು ಉರ್ದುವಿನಲ್ಲಿ ದಾಟಿಸಿದ್ದರು. ದಾಟುವಾಗ ಹಳ್ಳ ಕೈಬಿಟ್ಟು ಹೋಗಿತ್ತು.

ಗುಂಡಮ್ಮ ಮಾತ್ರ ನಗಲಿಲ್ಲ. "ನಗ್ರೇ ನಗ್ರೀ. ನಕ್ಕು ಮುಗದ ಮ್ಯಾಲೆ ಈ ರಾಡಿನೇ ಕುಡೀರಿ."

ಕಾವೇರಿ ಗುಫ್ರಾನನಿಗೆ ಹೇಳಿದಳು. ಕೆಟ್ಟದ್ದು ಎಂಬ ಅರ್ಥ ಅಲ್ಲ ಭಾಯಿ, ಇಲ್ಲಿ ಖರಾಬ ಅಂದರೆ ಹಳ್ಳದ ಜಾಗ, ಎಲ್ಲರ ಜಾಗ ಎಂದು. ಅವನು ಗಡ್ಡ ಹಿಡಿದುಕೊಂಡು ದಂಡೆಯನ್ನು ಆ ತುದಿಯಿಂದ ಈ ತುದಿವರೆಗೆ ನೋಡಿದ. ಕೊಡಲಿಯನ್ನು ನೆಲಕ್ಕೆ ಊರಿ ಅದರ ಮೇಲೆಯೇ ಭಾರ ಹಾಕಿ ಕುಕ್ಕರಗಾಲಿನಲ್ಲಿ ಕೂತ. "ಯಾ ಅಲ್ಲಾ" ಎಂದಷ್ಟೇ ಅಂದ.

ತೋಪಿನ ಯಜಮಾನ ಮಾಣಿಕಪ್ಪ ಮೇಲೆ ಬೇವಿನ ನೆರಳಿನಲ್ಲಿ ಮೋಟರ್ ಸೈಕಲ್ಲಿಗೆ ಒರಗಿ ನಿಂತಿದ್ದ. ಅವನು ಎಲ್ಲವನ್ನೂ ನಿನ್ನೆಯಿಂದ ನೋಡುತ್ತಿದ್ದವನೇ.

"ಮಾಣಿಕಪ್ಪಣ್ಣ, ಖರಾಬ ಬಿಟ್ಟು ಅಂತ ನೀವೇ ಹೇಳಿದ್ರಿ. ದಂಡಿ ಕಡಿಯೋದು ಕಂಡು ಸುಮ್ಮ ಯಾಕ ಇದ್ರಿ?"

"ನಂದಲ್ಲಲ್ಲವಾ ಅದು" ಎಂದ ಅವನು, ಬಹಳ ಶಾಂತವಾಗಿ. "ನಂದಲ್ಲದ್ದಕ್ಕ ನಾ ಯಾಕ ಬಾಯಿ ಹಾಕಲಿ?"

ಕಾವೇರಿಗೆ ಆ ಮಾತು ಮುಳ್ಳಿನ ಹಾಗೆ ನೆಟ್ಟಿತು. ಇವನದಲ್ಲ, ಸಾವಕಾರರದಲ್ಲ, ಗುಫ್ರಾನನದಲ್ಲ. ಯಾರದೂ ಅಲ್ಲದ್ದಕ್ಕೆ ಕೂತವರು ಕೊಡ ಹಿಡಿದ ಈ ಹೆಂಗಸರು ಮಾತ್ರ. ಅವರನ್ನು ಎಬ್ಬಿಸಲು ಬಂದವಳು ತಾನು.

ಅವಳು ಸಾವಕಾರರಿಗೆ ಫೋನು ಮಾಡಿದಳು. ನಡೆದದ್ದನ್ನು ಕೇಳಿ ಅವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ದನಿ ಬದಲಾಯಿತು.

"ಹೋಗ್ಲಿ ಬಿಡು. ಆಗಿದ್ದು ಆಯ್ತು. ಈ ಖರಾಬದ ಸುದ್ದಿ ಎತ್ತಬ್ಯಾಡ ಅಲ್ಲಿ. ಆ ಕಡಿ ಮಾಲು, ದಂಡಿ ಮಾಲು ಎಳಕೊಂಡು ಬಂದ್ರ ನಮ್ಮ ಕೆಲಸ ಮುಗೀತು."

"ಎತ್ತೀನ್ರಿ. ಎಲ್ಲಾರ ಮುಂದ ಹೇಳೀನಿ."

"ಅಲ್ಲೇ ಇರು. ನಾನೇ ಬರ್ತೀನಿ."

ಸಾವಕಾರರ ಬಿಳಿ ಜೀಪು ಬಂದಾಗ ಬಿಸಿಲು ನೆತ್ತಿಗೆ ಏರಿತ್ತು. ಅವರು ಇಳಿದು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ಮೊದಲು ದಂಡೆಯನ್ನು ನೋಡಿದರು. ಬಿದ್ದಿದ್ದ ನೀರಲ ದಿಮ್ಮಿಗಳ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತದ್ದನ್ನು ಕಾವೇರಿ ಗಮನಿಸಿದಳು. ಅಳತೆ ಹಾಕುವ ಕಣ್ಣು ಅದು. ದಿನವೂ ಆ ಕಣ್ಣಿನ ಎದುರಿಗೇ ಕೂತು ಅವಳಿಗೆ ಅಭ್ಯಾಸವಾಗಿತ್ತು.

"ಏನವಾ ಕಾವೇರಿ, ನಾ ಕಳಿಸಿದ್ದು ಇವರನ್ನ ಎಬ್ಬಸಾಕ. ಈಗ ನೀನೇ ಕುಂತೀಯಂತ?"

"ಕುಂತಿಲ್ರಿ. ನಿಂತೀನಿ."

ಹೆಂಗಸರಲ್ಲಿ ಯಾರೋ "ಹೌದೌದು" ಎಂದರು. ಸಾವಕಾರರು ನಗುತ್ತಲೇ ಇದ್ದರು. "ಆಯ್ತು. ಗುಫ್ರಾನ್ ತಪ್ಪ ತಿಳಕೊಂಡ. ಕಡದ ಗಿಡ ಮತ್ತ ಅಂಟಸಾಕ ಬರ್ತದೇನು? ಹೇಳು. ಆ ಕಡಿ ನೀಲಗಿರಿ ಮಾಲು ನಂದೇ ಹೌದಿಲ್ಲೋ? ಅದನ್ನ ಒಯ್ಯಾಕ ಬಿಡ್ರಿ. ಎರಡು ಟ್ರಿಪ್, ಮುಗೀತು. ಮಳಿಗಾಲ ಬಂದ್ರ ಈ ತೆಗ್ಗೆಲ್ಲಾ ತಾನೇ ಮುಚ್ಚತಾವ."

"ಮುಚ್ಚಂಗಿಲ್ರಿ." ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಮಳಿ ಬಂದ್ರ ಇದೇ ತೆಗ್ಗು ಹಿಡದು ಜವಳೇ ಕೊಚ್ಚಿ ಹೋಗ್ತದ. ಜವಳಿಲ್ಲಂದ್ರ ವರ್ತಿ ಇಲ್ಲ. ನೀಲಗಿರಿ ನಿಮ್ಮದು, ಒಯ್ರಿ. ಹಳ್ಳದ ಮೇಲಿನ ಪೂಲು ದಾಟಿ, ಹಳೇ ಬಂಡಿದಾರಿ ಹಿಡದು ಒಯ್ರಿ. ನೀರಲ, ಬೇವು, ಹೊಂಗಿ ಮಾತ್ರ ಇಲ್ಲೇ ಇರ್ತಾವ. ಅವು ನಿಮ್ಮವಲ್ಲ. ತಹಶೀಲದಿಂದ ಮಂದಿ ಬಂದು ನೋಡಲಿ."

"ಬಂಡಿದಾರಿ ಎಷ್ಟು ಸುತ್ತು ಅದ, ಗೊತ್ತದಿಲ್ಲೋ ನಿನಗ?"

"ಗೊತ್ತದ್ರಿ. ಹಳ್ಳ ತುಂಬಿದಾಗ ಅದೇ ದಾರಿ ಹಿಡದು ಸಾಲಿಗಿ ಹೋಗೀನಿ."

ಆಗ ಗುಂಡಮ್ಮ ಎದ್ದಳು. ಟ್ರ್ಯಾಕ್ಟರಿನ ಮುಂದಿನಿಂದ ಅವಳು ಎದ್ದದ್ದು ಅಂದು ಅದೇ ಮೊದಲು. ಹಿತ್ತಾಳೆಯ ಚಂಬು ತೆಗೆದುಕೊಂಡು ವರ್ತಿಗೆ ಹೋಗಿ, ತುಂಬಿಕೊಂಡು ಬಂದು, ಎರಡೂ ಕೈಯಲ್ಲಿ ಹಿಡಿದು ಸಾವಕಾರರ ಮುಂದೆ ನೀಡಿದಳು. ಮನೆಗೆ ಬಂದ ಬೀಗರಿಗೆ ಕೊಡುವ ಹಾಗೆ.

"ಬಿಸಲಾಗ ಬಂದೀರಿ ಸಾವಕಾರ್ರೆ. ನೀರ ಕುಡೀರಿ."

ಸಾವಕಾರರು ಚಂಬಿನೊಳಗೆ ನೋಡಿದರು. "ಇದನ್ನ ಹ್ಯಾಂಗ ಕುಡೀಬೇಕು?" ಎಂಬ ಮಾತು ಅವರ ಬಾಯಿಂದ ತಾನಾಗಿಯೇ ಜಾರಿತು.

"ನಾವು ಹ್ಯಾಂಗ ಕುಡೀಬೇಕಂತೀರಿ, ಹೇಳ್ರಿ. ನೀವೂ ಹಂಗೇ ಕುಡೀರಿ."

ಚಂಬು ಹಾಗೇ ಗಾಳಿಯಲ್ಲಿ ನಿಂತಿತ್ತು. ಗುಂಡಮ್ಮನ ಕೈ ಇಳಿಯಲಿಲ್ಲ, ಸಾವಕಾರರ ಕೈ ಏಳಲಿಲ್ಲ. ಅವರ ಮುಖ ಕೆಂಪಾಯಿತು. ಅವರು ಕಾವೇರಿಯ ಕಡೆ ತಿರುಗಿದರು.

"ನನ್ನ ಅನ್ನ ತಿಂದು ನನಗೇ ಎದುರು ನಿಂತೀ."

"ಅನ್ನ ತಿಂದೀನ್ರಿ. ದುಡದು ತಿಂದೀನಿ."

"ಹಂಗಾದ್ರ ನಾಳಿಂದ ಅಡ್ಡಾಕ್ಕ ಬರಬ್ಯಾಡ!"

ಹೆಂಗಸರೆಲ್ಲ ಒಮ್ಮೆಗೇ ಗುಂಡಮ್ಮನ ಕಡೆ ನೋಡಿದರು. ಆ ಕುರ್ಚಿ, ಆ ಫ್ಯಾನು, ಆ ಸುದ್ದಿ ಅವರಿಗೆಲ್ಲ ಬಾಯಿಪಾಠವಾಗಿತ್ತು. ಗುಂಡಮ್ಮ ಚಂಬನ್ನು ಎದೆಗೆ ಎಳೆದುಕೊಂಡಳು. ಕೆಂಪು ನೀರು ಅವಳ ಮುಂಗೈ ಮೇಲೆ ಚೆಲ್ಲಿತು. ಆದರೆ ಅವಳು ಸಾವಕಾರರ ಮುಖದಿಂದ ಕಣ್ಣು ತೆಗೆಯಲಿಲ್ಲ.

ಕುಸನೂರಿನ ಕೋಣೆ, ಬೆಳಗಿನ ಬಸ್ಸು, ಗಾಜಿನ ಕಿಟಕಿಯ ಆಚೆ ಏಳುವ ಹೊಟ್ಟಿನ ಧೂಳು ಕಾವೇರಿಯ ಕಣ್ಣ ಮುಂದೆ ಬಂದವು. ಅವುಗಳನ್ನು ಬಿಟ್ಟುಕೊಡಲು ಅವಳಿಗೆ ಇಷ್ಟವಿರಲಿಲ್ಲ. ಒಂದಿಷ್ಟೂ ಇಷ್ಟವಿರಲಿಲ್ಲ.

"ಬರಬ್ಯಾಡ ಅಂದ್ರ ಬರಂಗಿಲ್ರಿ" ಎಂದಳು. "ಆದ್ರ ಟ್ರ್ಯಾಕ್ಟರೂ ಜವಳಿನಾಗ ಬರಂಗಿಲ್ಲ."

"ಗುಫ್ರಾನ್! ಗಾಡಿ ಚಾಲೂ ಮಾಡು!"

ಗುಫ್ರಾನ್ ಟ್ರ್ಯಾಕ್ಟರ್ ಹತ್ತಿದ. ಇಂಜಿನ್ ಗುಡುಗಿತು. ಕರಿ ಹೊಗೆ ಎದ್ದಿತು. ಕಾವೇರಿ ಚಪ್ಪಲಿ ಬಿಟ್ಟಳು. ಅವ್ವ ಬಿಟ್ಟೆದ್ದ ಜಾಗದಲ್ಲಿ ಜವಳಿಗೆ ಇಳಿದು, ಗಾಲಿ ತೋಡಿದ ಕಾಲುವೆಯ ನಡುಮಧ್ಯೆ ಹೋಗಿ ಟ್ರ್ಯಾಕ್ಟರಿಗೆ ಮುಖ ಮಾಡಿ ನಿಂತಳು. ಕೆಸರು ಮೀನಖಂಡ ಮುಚ್ಚಿತು. ತಣ್ಣಗಿತ್ತು. ಕಾಲ ಬೆರಳುಗಳ ನಡುವೆ ನೀರು ಹರಿದು ಹೋಗುವುದು ಅವಳಿಗೆ ತಿಳಿಯುತ್ತಿತ್ತು. ಎಷ್ಟೋ ತಿಂಗಳಿಗೆ ಆಗಬೇಕಾದ ನೀರು ಒಂದೇ ಉಸಿರಿಗೆ ಖಾಲಿಯಾಗುತ್ತಿತ್ತು. ಕೂಗಬೇಕೆಂದುಕೊಂಡಳು. ಕೂಗುವುದಕ್ಕೆ ಅವಳ ಹತ್ತಿರ ಘೋಷಣೆ ಯಾವುದೂ ಇರಲಿಲ್ಲ. ಹಾಗಾಗಿ ಸುಮ್ಮನೆ ನಿಂತಳು, ಗುಫ್ರಾನನ ಕಣ್ಣಲ್ಲಿ ಕಣ್ಣು ಇಟ್ಟು.

ಗುಫ್ರಾನ್ ಗೇರಿನ ಮೇಲೆ ಕೈ ಇಟ್ಟವನು ಹಾಗೇ ಕೂತ. ಆಮೇಲೆ ಕೀಲಿ ತಿರುಗಿಸಿದ. ಇಂಜಿನ್ ಕೆಮ್ಮಿ ನಿಂತಿತು.

"ಸಾವಕಾರ್" ಎಂದ, ಮೇಲಿನಿಂದಲೇ. "ಕಲ್ ತಕ್ ಮೈ ಗಲತ್ ಸಮ್ಝಾ ಥಾ. ನಿನ್ನಿ ಕಡದಿದ್ದು ಗಲತಿ. ಈಗ ಗೊತ್ತಾಗ್ಯದ. ಗೊತ್ತಾಗಿ ಹೊಡದ್ರ ಅದಕ್ಕ ಗಲತಿ ಅನ್ನಲ್ಲ. ಆ ಪಾಪ ನನ್ನ ಕೊಳ್ಳಿಗಿ ಕಟ್ಟಬ್ಯಾಡ್ರಿ. ನಾ ಸುತ್ತು ಹೊಡೀತೀನಿ. ಡೀಸೆಲ್ ಹೋದ್ರ ಹೋಗ್ಲಿ."

ಸಾವಕಾರರು ಸುತ್ತಲೂ ನೋಡಿದರು. ಅವರ ಕಡೆ ಉಳಿದವನು ಮಾಣಿಕಪ್ಪ ಒಬ್ಬನೇ. ಅವನು ಮೋಟರ್ ಸೈಕಲ್ಲಿನ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ.

"ಸುತ್ತಿಕೋತ ಸಾಯ್ರಿ!" ಎಂದು ಅವರು ಜೀಪಿನ ಬಾಗಿಲು ಬಡಿದರು. ಧೂಳು ಎಬ್ಬಿಸಿಕೊಂಡು ಹೋದರು.

ಗುಂಡಮ್ಮ ಚಂಬಿನ ರಾಡಿಯನ್ನು ನೆಲಕ್ಕೆ ಸುರಿದು ಮಗಳ ಹತ್ತಿರ ಬಂದಳು. "ಸೀರಿ ಉಟ್ಟು ಬಂದಿದ್ರ ಎಷ್ಟು ಚೊಲೊ ಆಗ್ತಿತ್ತು. ಈ ಚೂಡಿದಾರದ ರಾಡಿ ತೊಳಿಯೋರು ಯಾರು, ನಾನೇ ಏನು?"

"ನಾನೇ ತೊಳಕೋತೀನಿ ಬಿಡಬೇ."

"ಎದರಾಗ ತೊಳಕೋತಿ? ನೀರು ಎಲ್ಲದ?" ಎಂದಳು ಗುಂಡಮ್ಮ. ಆದರೆ ಅವಳ ಅಂಗೈ ಮಗಳ ಬೆನ್ನ ಮೇಲೆ ಬಂದು ಕೂತಿತ್ತು, ಬಹಳ ಹೊತ್ತು ತೆಗೆಯಲಿಲ್ಲ.

ಕೂಡುವ ಕೆಲಸ ಮುಗಿದಿತ್ತು, ಮಾಡುವ ಕೆಲಸ ಉಳಿದಿತ್ತು. ಗುಫ್ರಾನನ ಆಳುಗಳು ಹಗ್ಗ ಹಾಕಿ, ಹಳ್ಳಕ್ಕೆ ಬಿದ್ದ ಟೊಂಗೆಗಳನ್ನು ಕೈಯಿಂದಲೇ ದಂಡೆಗೆ ಎಳೆದರು. ಕಟ್ಟಿಕೊಂಡಿದ್ದ ನೀರು ಗುಳಗುಳ ಎಂದು ದಾರಿ ಹಿಡಿಯಿತು. ಹೆಂಗಸರು ಆ ಟೊಂಗೆಗಳನ್ನೇ ಹೊತ್ತು ತಂದು ಗಾಲಿಯ ಕಾಲುವೆಗಳೊಳಗೆ ಅಡ್ಡಡ್ಡ ತುರುಕಿದರು, ಮೇಲೆ ಕಲ್ಲು ಹೇರಿದರು. ಓಡುತ್ತಿದ್ದ ನೀರು ಟೊಂಗೆಗೆ ತಾಗಿ ನಿಂತು, ಸ್ವಲ್ಪ ಯೋಚಿಸಿದಂತೆ ಮಾಡಿ, ಪಕ್ಕದ ಹುಲ್ಲಿನೊಳಗೆ ಹರಡಿಕೊಳ್ಳತೊಡಗಿತು. ರಮಾಬಾಯಿ ಸಾವಕಾರರ ದನಿಯಲ್ಲಿ "ಇದನ್ನ ಹ್ಯಾಂಗ ಕುಡೀಬೇಕು" ಎಂದು ಅಣಕಿಸಿದಾಗಲೆಲ್ಲ ನಗೆ ಏಳುತ್ತಿತ್ತು. ಈಗ ಗುಂಡಮ್ಮನೂ ನಗುತ್ತಿದ್ದಳು. ದೂರದಲ್ಲಿ ಹಳ್ಳದ ಸೇತುವೆಯ ಮೇಲೆ ಟ್ರ್ಯಾಕ್ಟರ್ ನೀಲಗಿರಿ ಹೊತ್ತು ಆಮೆಯ ಹಾಗೆ ಹೋಗುತ್ತಿತ್ತು.

ಬಿಸಿಲು ಓರೆಯಾದಾಗ ಕಾವೇರಿಗೆ ಫೋನು ಬಂತು. ಸಾವಕಾರರು.

"ಎಲ್ಲಿ ಅದೀ?"

"ಹಳ್ಳದಾಗ ಅದೀನ್ರಿ."

"ಹೂಂ." ಹಿಂದೆ ಗರಗಸದ ಮಷೀನಿನ ಸದ್ದು, ಯಾರೋ ಗಿರಾಕಿ ಕೂಗಾಡುವ ಸದ್ದು. "ತೋಪು ಇನ್ನಾ ಅರ್ಧ ಉಳದದ. ಯಾವ ಗಿಡ ಹಳ್ಳದ್ದು, ಯಾವ ಗಿಡ ಮಾಣಿಕಪ್ಪನದು, ಅದನ್ನ ಗುಫ್ರಾನಗ ಯಾರು ತೋರಸ್ತಾರ? ಮತ್ತ ಕಿವಿ ಹಚ್ಚಿ ಕೇಳಿ ಕಡೀತಾನ ಆ ಪುಣ್ಯಾತ್ಮ. ನಾಳಿ ನೀನೇ ನಿಂತು ತೋರಸು."

"ತೋರಸ್ತೀನ್ರಿ" ಎಂದಳು ಕಾವೇರಿ. "ನಾಳಿ ಅಲ್ಲ. ವರ್ತಿ ನೀರು ತಿಳಿಯಾದ ಮ್ಯಾಲೆ. ಅಲ್ಲಿತನಕಾ ಈ ತೋಪಿನಾಗ ಗರಗಸಾ ಬ್ಯಾಡ."

"ಅದು ಎಂದ ತಿಳಿಯಾಗ್ತದ?"

"ನನಗೇನು ಗೊತ್ತು? ಕೆಡಿಸಿದವರು ಕಾಯಬೇಕಲ್ರಿ."

"ಅಲ್ಲಿತನಕಾ ನನ್ನ ಗ್ಯಾಂಗ್ ಖಾಲಿ ಕುಂಡರಸಲೇನು?"

"ಕುಂಡರಸ್ರಿ."

ಬೈಗುಳ ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಫೋನು ಕಟ್ಟಾಯಿತು. ಕೆಲಸ ಉಳಿಯಿತೋ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಕೇಳುವುದಕ್ಕೆ ಮತ್ತೆ ಫೋನು ಮಾಡುವುದಿಲ್ಲ ಎಂಬುದು ಮಾತ್ರ ತಿಳಿದಿತ್ತು. ಫೋನನ್ನು ಒಣ ಕಲ್ಲಿನ ಮೇಲಿಟ್ಟು, ಕೈಯ ಮಣ್ಣು ಒರೆಸಿಕೊಂಡು, ಅವ್ವ ಒಂದು ತುದಿ ಹಿಡಿದು ಕಾಯುತ್ತಿದ್ದ ಬೇವಿನ ಟೊಂಗೆಯ ಇನ್ನೊಂದು ತುದಿಗೆ ಕೈ ಹಾಕಿದಳು.